2147483647 ಅವಿಭಾಜ್ಯ ಸಂಖ್ಯೆ ಅಂತ ಕೈಲೆಕ್ಕದಲ್ಲಿ ಸಾಬೀತು ಮಾಡಬಹುದಾ?

ಖಂಡಿತ ಮಾಡಬಹುದು. 1772ರಲ್ಲೇ ಗಣಿತಜ್ಞ ಆಯ್ಲರ್ ಮಾಡಿ ತೋರಿಸಿದ್ದಾರೆ. ಮಾಮೂಲಿ ರೀತಿಯಲ್ಲಿ ವರ್ಗಮೂಲದವರೆಗೆ, ಅಂದರೆ 46340ರವರೆಗೆ, ಸಿಕ್ಕ ಸಿಕ್ಕ ಅವಿಭಾಜ್ಯದಿಂದೆಲ್ಲ ಭಾಗಿಸಲು ಕೂತರೆ 4792 ಭಾಗಾಕಾರ ಆಗುತ್ತದೆ. ಅಷ್ಟು ಬೇಕಿಲ್ಲ. ಈ ಸಂಖ್ಯೆ 2³¹ − 1 ಆಗಿರುವುದರಿಂದ ಅದರ ಭಾಜಕ ಹೇಗಿರಬೇಕು ಅಂತ ಮೊದಲೇ ಗೊತ್ತಾಗಿಬಿಡುತ್ತದೆ.

ಇದನ್ನು ಭಾಗಿಸುವ ಅವಿಭಾಜ್ಯ 'ಕ' ಒಂದಿದೆ ಅಂತಿಟ್ಟುಕೊಳ್ಳಿ. ಆಗ 2³¹ ಅನ್ನು ಕ-ದಿಂದ ಭಾಗಿಸಿದರೆ ಶೇಷ 1. 31 ತಾನೇ ಅವಿಭಾಜ್ಯವಾದ್ದರಿಂದ 2ರ ಘಾತಗಳಲ್ಲಿ ಶೇಷ 1 ಮೊದಲ ಸಲ ಬರುವುದು 31ನೆಯದರಲ್ಲೇ. ಫರ್ಮಾರ ಕಿರು ಪ್ರಮೇಯದ ಪ್ರಕಾರ (ಕ − 1)ನೇ ಘಾತಕ್ಕೂ ಶೇಷ 1. ಹಾಗಾಗಿ ಕ − 1 ಎಂಬುದು 31ರ ಅಪವರ್ತ್ಯ. ಕ ಬೆಸ ಸಂಖ್ಯೆಯಾದ್ದರಿಂದ 62ರ ಅಪವರ್ತ್ಯವೂ ಹೌದು. ಇದು ಮೊದಲ ಜರಡಿ. ಎರಡನೆಯದು ಇನ್ನೂ ಸೊಗಸಾದದ್ದು: 2³²ರ ಶೇಷ 2, ಅಂದರೆ 2¹⁶ರ ವರ್ಗಕ್ಕೆ ಶೇಷ 2. 2 ಹೀಗೆ ವರ್ಗಶೇಷವಾಗಬೇಕಾದರೆ (ಅಂದರೆ ಒಂದು ವರ್ಗವನ್ನು ಕ-ದಿಂದ ಭಾಗಿಸಿದಾಗ ಉಳಿಯುವ ಶೇಷವಾಗಬೇಕಾದರೆ) ಕ-ವನ್ನು 8ರಿಂದ ಭಾಗಿಸಿದಾಗ 1 ಇಲ್ಲವೇ 7 ಉಳಿಯಲೇಬೇಕು. ಎರಡೂ ಜರಡಿ ಹಿಡಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳು ಮಾತ್ರ ನಿಲ್ಲುತ್ತವೆ. 46340ರೊಳಗೆ ಅಂಥವು ಬರೀ 84.

ಮೊದಲನೆಯದು 311. ಉದ್ದ ಭಾಗಾಕಾರ ಮಾಡಬೇಡಿ, ಘಾತ ಏರಿಸುತ್ತ ಹೋಗಿ. 2⁸ = 256, 311 ಕಳೆದರೆ −55. ಅದರ ವರ್ಗ 3025. 311ರ ಹತ್ತು ಪಟ್ಟು ಕಳೆದರೆ −85, ಇದು 2¹⁶. ಈ ಎರಡನ್ನು ಗುಣಿಸಿದರೆ 4675, ಶೇಷ 10, ಇದು 2²⁴. ಇನ್ನು 2⁷ ಬಾಕಿ: 10 × 128 = 1280, ಶೇಷ 36. ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, 311 ಹೊರಗೆ. ಮುಂದೆ 1303, 1489, ಹೀಗೆ. ದಿನಕ್ಕೆ ಹತ್ತರಂತೆ ಮಾಡಿದರೂ ಒಂಬತ್ತು ದಿನದ ಕೆಲಸ.

ಘಾತ ಅವಿಭಾಜ್ಯವಾದ ಮಾತ್ರಕ್ಕೆ ಇಂಥ ಸಂಖ್ಯೆಯೂ ಅವಿಭಾಜ್ಯ ಅಂತ ಮಾತ್ರ ತಿಳಿಯಬೇಡಿ. 2¹¹ − 1 = 2047 = 23 × 89.

ಕಂಪ್ಯೂಟರಲ್ಲಿ ತಾಳೆ ನೋಡುವುದಾದರೆ ಇಂಥ ಸಂಖ್ಯೆ ಅವಿಭಾಜ್ಯವೇ ಅಂತ ಹೇಳುವ ಲ್ಯೂಕಾ–ಲೆಹ್ಮರ್ ಪರೀಕ್ಷೆ ಹಾಕಿ: 4ರಿಂದ ಶುರು, ಪ್ರತಿ ಸುತ್ತಿಗೂ ವರ್ಗ ಮಾಡಿ 2 ಕಳೆದು, 2147483647ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 29ನೇ ಸುತ್ತಿಗೆ ಸೊನ್ನೆ ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ಕಾರಣ ಎರಡೇ. ಒಂದು, ಸುತ್ತು ಎಣಿಸುವುದರಲ್ಲಿ ತಪ್ಪು. 31 ಸಲ ಓಡಿಸಿದರೆ ಸೊನ್ನೆ ದಾಟಿ ಹೋಗಿರುತ್ತದೆ. ಇನ್ನೊಂದು, 32 ಬಿಟ್ಟಿನ ಇಂಟ್ (ಪೂರ್ಣಾಂಕ) ಬಳಸಿರುವುದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ ಈ 2147483647, ಅದರೊಳಗೆ ವರ್ಗ ಎಲ್ಲಿ ಹಿಡಿಸೀತು? 64 ಬಿಟ್ ತೆಗೆದುಕೊಳ್ಳಿ. ಆಮೇಲೂ ಅನುಮಾನ ಉಳಿದರೆ 28ನೇ ಸುತ್ತಿನ ಬೆಲೆ ಪ್ರಿಂಟ್ ಮಾಡಿ ನೋಡಿ: 65536 ಅಥವಾ 2147483647 − 65536, ಇವೆರಡರಲ್ಲಿ ಒಂದು ಇರಲೇಬೇಕು. 65536 ಅಂದರೆ ಎರಡನೇ ಜರಡಿಯಲ್ಲಿ ಕಂಡ 2¹⁶ ಅದೇ.