ಪ್ರಯೋಗಾಲಯದ ಪ್ರಶ್ನೆಗಳು: 50 ಕಿಲೋಡಾಲ್ಟನ್ ಬಳಿಯ ದಪ್ಪ ಪಟ್ಟಿ

ಪ್ರಶ್ನೆ: ಫ್ಲ್ಯಾಗ್ ಟ್ಯಾಗ್ (ಪ್ರೋಟೀನನ್ನು ಗುರುತಿಸಲು ಅಂಟಿಸುವ ಪುಟ್ಟ ತುಣುಕು) ಸೇರಿಸಿದ, ಸುಮಾರು 52 ಕಿಲೋಡಾಲ್ಟನ್ ತೂಕದ ಪ್ರೋಟೀನನ್ನು ಮಾನವ ಜೀವಕೋಶಗಳಲ್ಲಿ ತಯಾರಿಸಿ, ಫ್ಲ್ಯಾಗನ್ನು ಹಿಡಿಯುವ ಪ್ರತಿಕಾಯ ಕೂರಿಸಿದ ಮಣಿಗಳಿಂದ ಹಿಡಿದು, ಮಾದರಿ ಬಫರಿನಲ್ಲಿ ಕುದಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕಕ್ಕೆ ತಕ್ಕಂತೆ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಮಾಡುತ್ತಿದ್ದೇನೆ. ಟ್ಯಾಗ್ ಇಲ್ಲದ ಕೋಶಗಳ ಮಾದರಿಯಲ್ಲೂ 50ರ ಆಸುಪಾಸಿನಲ್ಲಿ ದಪ್ಪ ಪಟ್ಟಿ ಬರುತ್ತದೆ. ಕಿಣ್ವ ಜೋಡಿಸಿದ ಪ್ರತಿಕಾಯ ಬಳಸಿದರೆ ಪರಿಹಾರವಾದೀತೇ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಹುಮಟ್ಟಿಗೆ ಆಗುತ್ತದೆ. ಟ್ಯಾಗ್ ಇಲ್ಲದ ಮಾದರಿಯನ್ನೂ ಜೊತೆಗೆ ಓಡಿಸಿದ್ದರಿಂದಲೇ ಕಾರಣ ಸುಲಭವಾಗಿ ತಿಳಿಯುತ್ತದೆ. ಮಣಿಗಳ ಮೇಲಿನ ಪ್ರತಿಕಾಯ ಇಲಿಯದು. ಕುದಿಸಿದಾಗ ಅದೂ ಬಿಡಿಯಾಗಿ ಜೆಲ್ಲಿಗೆ ಇಳಿದು, ಅದರ ಎರಡು ಬಗೆಯ ಘಟಕಗಳಲ್ಲಿ ಭಾರ ಸರಪಳಿ 50 ಕಿಲೋಡಾಲ್ಟನ್ ಬಳಿಯೂ ಹಗುರ ಸರಪಳಿ 25ರ ಬಳಿಯೂ ನಿಲ್ಲುತ್ತವೆ. ಆಮೇಲೆ ನೀವು ಹಾಕುವ, ಇಲಿಯ ಪ್ರತಿಕಾಯವನ್ನು ಗುರುತಿಸುವ ಎರಡನೆಯ ಪ್ರತಿಕಾಯವು ಟ್ಯಾಗನ್ನು ಹುಡುಕುವ ಮೊದಲ ಪ್ರತಿಕಾಯವನ್ನಷ್ಟೇ ಅಲ್ಲದೆ ಈ ಸರಪಳಿಗಳನ್ನೂ ಹಿಡಿಯುತ್ತದೆ.

ಹಾರ್ಸ್‌ರ್ಯಾಡಿಷ್ ಪೆರಾಕ್ಸಿಡೇಸ್, ಅಂದರೆ ಎಚ್‌ಆರ್‌ಪಿ ಕಿಣ್ವವನ್ನು ನೇರವಾಗಿ ಜೋಡಿಸಿದ ಎಂ2 ಎಂಬ ಮಾನೋಕ್ಲೋನಲ್ ಪ್ರತಿಕಾಯವನ್ನು ಬಳಸಿದರೆ ಎರಡನೆಯ ಪ್ರತಿಕಾಯವೇ ಬೇಕಾಗುವುದಿಲ್ಲ. ಒಂದೇ ತದ್ರೂಪಿ ಕೋಶಸಮೂಹದಿಂದ ಬಂದ ಈ ಪ್ರತಿಕಾಯ ಎಂಟು ಅಮೈನೋ ಆಮ್ಲಗಳ ಫ್ಲ್ಯಾಗ್ ತುಣುಕನ್ನು, ಅದು ಪ್ರೋಟೀನಿನ ಯಾವ ತುದಿಯಲ್ಲಿದ್ದರೂ, ಗುರುತಿಸುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಲ್ಯೂಮಿನಾಲ್ ಸುರಿದಾಗ ಕಿಣ್ವವಿರುವಲ್ಲಿ ಮಾತ್ರ ನೀಲಿ ಬೆಳಕು ಹೊಮ್ಮುತ್ತದೆ. ಒಂದು ಮೊದಲ ಪ್ರತಿಕಾಯದ ಮೇಲೆ ಹಲವು ಎರಡನೆಯ ಪ್ರತಿಕಾಯಗಳು ಕೂರುವುದರಿಂದ ದೊರೆಯುತ್ತಿದ್ದ ವರ್ಧನೆ ಇಲ್ಲಿ ತಪ್ಪುತ್ತದೆ. ಪ್ರೋಟೀನು ತೀರಾ ಕಡಿಮೆಯಿದ್ದರೆ ಸಂಕೇತ ಕ್ಷೀಣವಾಗಬಹುದು. ಹಾಗೆಂದು ಪ್ರತಿಕಾಯವನ್ನು ಧಾರಾಳವಾಗಿ ಸುರಿಯಬೇಡಿ. ಕಿಣ್ವ ಅತಿಯಾದಲ್ಲಿ ಲ್ಯೂಮಿನಾಲ್ ಕ್ಷಣದಲ್ಲೇ ಮುಗಿದು, ಚಿತ್ರದಲ್ಲಿ ಅಂಚು ಮಾತ್ರ ಕಪ್ಪಾಗಿ ನಡುವೆ ಬಿಳಿಯಾದ ಟೊಳ್ಳು ಪಟ್ಟಿ ಬರುತ್ತದೆ. ಪೊರೆಯನ್ನು ಎತ್ತಿ ನೋಡಿದರೆ ಅದೇ ಜಾಗದಲ್ಲಿ ಕಂದು ಕಲೆ ಕಾಣುತ್ತದೆ. ಇದನ್ನು ಕಂಡು ಪ್ರೋಟೀನೇ ಇಲ್ಲವೆಂದು ಇನ್ನಷ್ಟು ಪ್ರತಿಕಾಯ ಹಾಕುವವರು ಕಡಿಮೆಯೇನಿಲ್ಲ. ಬೇರೆ ಬೇರೆ ಪ್ರಮಾಣದಲ್ಲಿ ತೆಳುಮಾಡಿ ಪೊರೆಯ ತುಂಡುಗಳ ಮೇಲೆ ಪರೀಕ್ಷಿಸಿಕೊಳ್ಳುವುದು ಲೇಸು.

ಬಫರುಗಳು ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ರೂಢಿಯಿದೆ. ಅದು ಎಚ್‌ಆರ್‌ಪಿಯ ಹೀಮ್ ಎಂಬ ಕಬ್ಬಿಣವಿರುವ ಭಾಗಕ್ಕೆ ಅಂಟಿಕೊಂಡು ಕಿಣ್ವವನ್ನು ತಡೆಯುವುದರಿಂದ, ಈ ಪ್ರತಿಕಾಯವನ್ನು ಬೆರೆಸುವ ಬಫರಿನಲ್ಲಿ ಅಜೈಡ್ ಇರಬಾರದು; ಸಹಪಾಠಿಗಳು ಇಟ್ಟುಹೋದ ಹಳೆಯ ಬಾಟಲಿಯನ್ನು ನಂಬಬೇಡಿ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಭಾರ ಸರಪಳಿ ಬೆಳಗದಿದ್ದರೂ ಜೆಲ್ಲಿನಲ್ಲಿ ಅದೇ ಜಾಗವನ್ನು ಆಕ್ರಮಿಸಿರುತ್ತದೆ. ಪ್ರಮಾಣ ಹೆಚ್ಚಿದ್ದರೆ ನಿಮ್ಮ 52ರ ಪಟ್ಟಿಯನ್ನು ಒತ್ತಿ ವಕ್ರವಾಗಿಸಬಲ್ಲದು. ಆದ್ದರಿಂದ ಮಣಿಗಳನ್ನು ಕುದಿಸುವ ಬದಲು, ಫ್ಲ್ಯಾಗ್ ತುಣುಕು ಮೂರು ಬಾರಿ ಪುನರಾವರ್ತಿಸಿದ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ದ್ರಾವಣದಿಂದ ಪ್ರೋಟೀನನ್ನು ಬಿಡಿಸಿಕೊಳ್ಳಿ. ಪೆಪ್ಟೈಡು ಪೈಪೋಟಿಯಿಂದ ನಿಮ್ಮ ಪ್ರೋಟೀನನ್ನು ಹೊರದೂಡುತ್ತದೆ, ಪ್ರತಿಕಾಯ ಬಹುಪಾಲು ಮಣಿಯ ಮೇಲೆಯೇ ಉಳಿಯುತ್ತದೆ. ಪೆಪ್ಟೈಡ್ ಅಗ್ಗದ್ದಲ್ಲ, ಆದರೂ ಪ್ರಕಟಣೆಗೆ ಬೇಕಾದ ಬ್ಲಾಟಿಗಾದರೂ ಈ ದಾರಿಯನ್ನೇ ಹಿಡಿಯಿರಿ, ಟ್ಯಾಗ್ ಇಲ್ಲದ ಮಾದರಿಯನ್ನು ಆಗಲೂ ಪಕ್ಕದಲ್ಲೇ ಓಡಿಸಿ.