ತೂಕ ನೋಡಿ ಸೈಜು ಆರಿಸಿದರೆ ಸಾಕೇ?

ಪ್ರಶ್ನೆ: ನಾನು ಅರಿವಳಿಕೆ ಟೆಕ್ನಿಷಿಯನ್ ಕೋರ್ಸಿನ ವಿದ್ಯಾರ್ಥಿನಿ. ಉಸಿರಾಟಕ್ಕೆ ದಾರಿ ಮಾಡಿಕೊಡಲು ಗಂಟಲಲ್ಲಿ, ಧ್ವನಿಪೆಟ್ಟಿಗೆಯ ಮೇಲೆ ಕೂರಿಸುವ ಲ್ಯಾರಿಂಜಿಯಲ್ ಮಾಸ್ಕ್‌ನ ಮೇಲೆ 50ರಿಂದ 70 ಕೆ.ಜಿ.ಗೆ 4ನೇ ನಂಬರ್, 70ರಿಂದ 100 ಕೆ.ಜಿ.ಗೆ 5ನೇ ನಂಬರ್ ಎಂದಿರುತ್ತದೆ. ಕುಳ್ಳಗಿದ್ದು 92 ಕೆ.ಜಿ. ತೂಗುವ ಹೆಂಗಸಿಗೆ 5 ಸರಿಯೇ?

ಉತ್ತರ: ಸಾಮಾನ್ಯವಾಗಿ 4 ಸರಿಹೋಗುತ್ತದೆ. ಮೈ ದಪ್ಪಗಾದ ಮಾತ್ರಕ್ಕೆ ಗಂಟಲು ಅಗಲವಾಗುವುದಿಲ್ಲ. ಕೊಬ್ಬು ತುಂಬಿ ಒಳಗಿನ ಜಾಗ ಕಿರಿದಾಗುವುದೂ ಉಂಟು. ಆದ್ದರಿಂದ ಅವರ ಎತ್ತರಕ್ಕೆ ಎಷ್ಟು ತೂಕ ಇರಬೇಕಿತ್ತು ಎಂದು ಲೆಕ್ಕ ಹಾಕಿ, ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಿ. ತೂಕದ ಪಟ್ಟಿ ಮೊದಲ ಅಂದಾಜು ಅಷ್ಟೆ. ಟ್ರೇಯಲ್ಲಿ 4ರ ಜೊತೆ 3 ಮತ್ತು 5 ಕೂಡ ಇರಲಿ. ಇಷ್ಟು ತೂಕದವರಿಗೆ ಮಾಸ್ಕ್ ಸಾಕೋ ಶ್ವಾಸನಾಳದೊಳಗೇ ಇಳಿಸುವ ಎಂಡೋಟ್ರೇಕಿಯಲ್ ಟ್ಯೂಬೇ ಬೇಕೋ ಎಂಬುದನ್ನು ವೈದ್ಯರು ಮೊದಲೇ ತೀರ್ಮಾನಿಸಿರಬೇಕು.

ಸೈಜು ಹೊಂದಿತೇ ಎಂಬುದನ್ನು ಗಂಟಲೇ ಹೇಳುತ್ತದೆ. ಮಾಸ್ಕ್ ಒಳಗೆ ಕೂತ ಮೇಲೆ ಟ್ಯೂಬನ್ನು ಕೈಬಿಟ್ಟು ಕಫ್‌ಗೆ (ಮಾಸ್ಕಿನ ಅಂಚಿನ ಸುತ್ತ ಇರುವ, ಗಾಳಿ ತುಂಬುವ ಚೀಲಕ್ಕೆ) ಗಾಳಿ ತುಂಬಿ. ಟ್ಯೂಬು ತಾನಾಗಿ ಸುಮಾರು ಒಂದು ಸೆಂ.ಮೀ. ಹೊರಕ್ಕೆ ಏರುತ್ತದೆ, ಕುತ್ತಿಗೆಯ ಮುಂಭಾಗ ತುಸು ಉಬ್ಬುತ್ತದೆ. ಟ್ಯೂಬಿನ ಕಪ್ಪು ಗೆರೆ ಮೇಲ್ದುಟಿಯ ನಡುವಿಗೆ ನೇರವಾಗಿರಬೇಕು. ಓರೆಯಾಗಿದ್ದರೆ ಮಾಸ್ಕ್ ತಿರುಚಿಕೊಂಡಿದೆ ಎಂದರ್ಥ. ಬಾಯಿ ತೆರೆದಾಗ ನಾಲಿಗೆಯ ಮೇಲೆ ಕಫ್ ಕಾಣುತ್ತಿದ್ದರೆ ಸೈಜು ದೊಡ್ಡದು, ಇಲ್ಲವೇ ತುದಿ ಮಡಚಿಕೊಂಡು ಪೂರ್ತಿ ಇಳಿದಿಲ್ಲ. ತೀರಾ ಚಿಕ್ಕದಾದರೆ ಅದು ಆಳಕ್ಕೆ ಜಾರುತ್ತದೆ, ಸುತ್ತಲಿಂದ ಗಾಳಿ ಸೋರುತ್ತದೆ.

ಕೊನೆಗೆ ಸೋರಿಕೆ ಪರೀಕ್ಷೆ. ನಿಮಿಷಕ್ಕೆ 3 ಲೀಟರ್ ಗ್ಯಾಸ್ ಬಿಟ್ಟು ಎಪಿಎಲ್ ವಾಲ್ವ್ (ಹೆಚ್ಚಾದ ಗ್ಯಾಸನ್ನು ಹೊರಬಿಟ್ಟು ಒತ್ತಡ ಮಿತಿಯಲ್ಲಿಡುವ ಕವಾಟ) ಮುಚ್ಚಿ, ಬಾಯಿಯ ಬಳಿ ಕಿವಿಗೊಡಿ. ಎಷ್ಟು ಒತ್ತಡಕ್ಕೆ ಸೋರುವ ಸದ್ದು ಕೇಳಿತೋ ಗುರುತು ಹಾಕಿಕೊಂಡು ತಕ್ಷಣ ವಾಲ್ವ್ ತೆರೆಯಿರಿ. ಒತ್ತಡ 40 ಸೆಂ.ಮೀ. ನೀರಿನ ಮಟ್ಟ ಮೀರಬಾರದು. ಕ್ಯಾಪ್ನೋಗ್ರಫಿಯ (ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಗ್ರಾಫಿನ) ಅಲೆ ಚಪ್ಪಟೆ ತಲೆಯ ಚೌಕದಂತೆ ಬರುತ್ತಿರಬೇಕು. ಅಲೆ ಸೊಟ್ಟಗಿದ್ದರೆ ಉಳಿದೆಲ್ಲ ಲಕ್ಷಣ ಚೆನ್ನಾಗಿದ್ದರೂ ನಂಬಬೇಡಿ.

ಪ್ರಶ್ನೆ: ಸೋರುತ್ತಿದ್ದರೆ ಕಫ್‌ಗೆ ಇನ್ನಷ್ಟು ಗಾಳಿ ತುಂಬಿದರಾಯಿತಲ್ಲ?

ಉತ್ತರ: ದಯವಿಟ್ಟು ಬೇಡ. ಎಲ್ಲರೂ ಮಾಡುವ ತಪ್ಪು ಇದೇ. 4ನೇ ನಂಬರಿನ ಕ್ಲಾಸಿಕ್ (ಮೂಲ ಮಾದರಿಯ) ಮಾಸ್ಕ್‌ಗೆ 30 ಮಿ.ಲೀ., 3ಕ್ಕೆ 20, 5ಕ್ಕೆ 40 ಎಂದು ಬರೆದಿರುವುದು ಗರಿಷ್ಠ ಮಿತಿ. ಅಷ್ಟನ್ನೂ ತುಂಬಲೇಬೇಕು ಎಂದಲ್ಲ. ಅರ್ಧದಷ್ಟು ಗಾಳಿಯೇ ಹಲವು ಬಾರಿ ಸಾಕಾಗುತ್ತದೆ. ಮ್ಯಾನೊಮೀಟರ್ (ಒತ್ತಡ ಅಳೆಯುವ ಸಾಧನ) ಹಚ್ಚಿ ಕಫ್‌ನೊಳಗಿನ ಒತ್ತಡ 60 ಸೆಂ.ಮೀ. ನೀರಿನ ಒಳಗಿರುವಂತೆ ನೋಡಿಕೊಳ್ಳಿ. ಚೆಂಡಿನಂತೆ ಬಿಗಿದ ಕಫ್ ಗಂಟಲಿನ ಗೋಡೆಗೆ ಹೊಂದಿ ಕೂರದೆ ಸೋರಿಕೆಯನ್ನು ಹೆಚ್ಚಿಸುತ್ತದೆ. ಎದ್ದ ಮೇಲೆ ಗಂಟಲು ನೋವು, ನಾಲಿಗೆಯ ನರ ಒತ್ತಿ ಜೋಮು ಹಿಡಿಯುವುದು ಇದರಿಂದಲೇ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಡುತ್ತಿದ್ದರೆ ಅದು ಸಿಲಿಕೋನ್ ಕಫ್‌ನೊಳಗೆ ನುಸುಳಿ ಒತ್ತಡ ಏರಿಸುತ್ತದೆ, ಆಗಾಗ ಅಳೆಯಿರಿ. ಸೋರಿದಾಗ ಮೊದಲು ಅರಿವಳಿಕೆಯ ಆಳ ಸಾಕೇ ನೋಡಿ, ತಲೆ ಮತ್ತು ಮಾಸ್ಕಿನ ಸ್ಥಾನ ಸರಿಪಡಿಸಿ. ಆಗಲೂ ನಿಲ್ಲದಿದ್ದರೆ ಸೈಜು ಬದಲಿಸಿ.

ಪ್ರಶ್ನೆ: 4 ವರ್ಷದ ಮಗುವಿಗೆ ಎಂಡೋಟ್ರೇಕಿಯಲ್ ಟ್ಯೂಬ್ ಯಾವುದು?

ಉತ್ತರ: ವಯಸ್ಸನ್ನು 4ರಿಂದ ಭಾಗಿಸಿ, ಕಫ್ ಇರುವ ಟ್ಯೂಬಾದರೆ 3.5, ಇಲ್ಲದ್ದಾದರೆ 4 ಸೇರಿಸಿ. ಇಲ್ಲಿ ಕ್ರಮವಾಗಿ 4.5 ಮತ್ತು 5 ಮಿ.ಮೀ. ಬರುತ್ತದೆ. ಅರ್ಧ ಸೈಜು ಮೇಲಿನದು, ಅರ್ಧ ಕೆಳಗಿನದು ಜೊತೆಗಿರಲಿ. ಆಳಕ್ಕೆ ವಯಸ್ಸಿನ ಅರ್ಧಕ್ಕೆ 12 ಕೂಡಿಸಿ: ತುಟಿಯ ಬಳಿ 14 ಸೆಂ.ಮೀ. ಈ ಲೆಕ್ಕ 2 ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಟ್ಯೂಬ್ ಬಿಗಿಯೆನಿಸಿದರೆ ಒತ್ತಿ ನೂಕಬೇಡಿ. ಧ್ವನಿಪೆಟ್ಟಿಗೆಯ ಕೆಳಗಿನ ಕ್ರಿಕಾಯ್ಡ್ ಮೃದ್ವಸ್ಥಿಯ ಉಂಗುರದ ಬಳಿ ಒಂದಿಷ್ಟು ಊತ ಬಂದರೂ ಮಗುವಿನ ಕಿರಿದಾದ ಶ್ವಾಸದಾರಿ ಕಟ್ಟಿಕೊಳ್ಳುತ್ತದೆ. ಟ್ಯೂಬ್ ತೆಗೆದ ಮೇಲೆ ಕೀರಲು ಸದ್ದಿನ ಕರ್ಕಶ ಉಸಿರಾಟ ಶುರುವಾಗುತ್ತದೆ.

ಪ್ರಶ್ನೆ: ನಾಲಿಗೆ ಹಿಂದೆ ಬಿದ್ದು ಉಸಿರಿನ ದಾರಿ ಮುಚ್ಚದಂತೆ ಬಾಯಿಯಲ್ಲಿಡುವ ಬಾಗಿದ ಕೊಳವೆ, ಗ್ಯುಡೆಲ್ ಏರ್‌ವೇ, ಅಳೆಯುವುದು ಹೇಗೆ?

ಉತ್ತರ: ಕೆನ್ನೆಯ ಪಕ್ಕ ಹಿಡಿಯಿರಿ. ಮುಂಭಾಗದ ಹಲ್ಲುಗಳಿಂದ ದವಡೆಯ ಮೂಲೆಯವರೆಗೆ ಬಂದರೆ ಸರಿ. ಚಿಕ್ಕದಾದರೆ ನಾಲಿಗೆಯನ್ನೇ ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ, ದೊಡ್ಡದಾದರೆ ಕಿರುನಾಲಿಗೆಯಾಚೆ ಇಳಿದು ಎಪಿಗ್ಲಾಟಿಸನ್ನು (ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳವನ್ನು) ಒತ್ತುತ್ತದೆ. ಅರಿವಳಿಕೆ ಆಳವಾಗಿಲ್ಲದಾಗ ಹಾಕಿದರೆ ವಾಂತಿಯಾಗಬಹುದು, ಧ್ವನಿಪೆಟ್ಟಿಗೆ ಬಿಗಿದು ಉಸಿರು ಕಟ್ಟಲೂಬಹುದು.