ಸಿ-ಆರ್ಮ್ ಪಕ್ಕ ನಿಲ್ಲುವ ನರ್ಸ್‌ಗೂ ಬ್ಯಾಡ್ಜ್ ಬೇಕು

ಪ್ರಶ್ನೆ: ಡಾಕ್ಟ್ರೇ, ನಾನು ಆಪರೇಷನ್ ಥಿಯೇಟರ್ ನರ್ಸ್. ಮೂಳೆ ಆಪರೇಷನ್‌ಗೆ ದಿನಾ ಸಿ-ಆರ್ಮ್ ಅನ್ನೋ ಎಕ್ಸ್‌ರೇ ಯಂತ್ರ ಬಳಸುತ್ತಾರೆ. ಮೈಗೆ ತಾಗುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಟೆಕ್ನಿಷಿಯನ್‌ಗೆ ಮಾತ್ರ ಇದೆ, ನಮಗಿಲ್ಲ. ಈಗ ನಾನು ಗರ್ಭಿಣಿ, ಭಯವಾಗುತ್ತಿದೆ.
– ಹೆಸರು ಬೇಡ

ಉತ್ತರ: ಇವತ್ತೇ ಗರ್ಭಿಣಿ ಅಂತ ಬರೆದು ಕೊಡಿ ತಂಗಿ, ಯಾಕೆಂದರೆ ತಿಳಿಸಿದ ಮೇಲೆ ಹೆರಿಗೆವರೆಗೆ ಮಗುವಿಗೆ ತಾಗುವ ವಿಕಿರಣ 1 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ) ದಾಟದಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಹೊಣೆ. ಉಳಿದ ಸಿಬ್ಬಂದಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ವರ್ಷವೂ 30 ದಾಟುವಂತಿಲ್ಲ.

ಸುಮ್ನೆ ಹೆದರಬೇಡಿ. ನಿಮಗೆ ತಾಗುವುದು ಹೆಚ್ಚಾಗಿ ರೋಗಿಯ ಮೈಗೆ ಬಡಿದು ಚದುರುವ ಕಿರಣ, ಸೀಸದ ಏಪ್ರನ್ ಅದರಲ್ಲಿ ಬಹುಪಾಲು ತಡೆಯುತ್ತದೆ. ಆದರೆ ಟ್ರಾಲಿ ಕಡೆ ತಿರುಗಿದಾಗ ನಿಮ್ಮ ಬೆನ್ನು ರೋಗಿಯತ್ತ ಇರುತ್ತದೆ ಅಲ್ವಾ, ಹಾಗಾಗಿ ಸುತ್ತಲೂ ಮುಚ್ಚುವ ಏಪ್ರನ್ನೇ ಕೇಳಿ. ಅದನ್ನು ಮಡಚಿಡಬೇಡಿ, ಒಳಗೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಯಂತ್ರದಲ್ಲಿ ಎಕ್ಸ್‌ರೇ ಹೊರಡುವ ಟ್ಯೂಬ್ ಇರುವ ಕಡೆ ನಿಲ್ಲಬೇಡಿ, ಅಲ್ಲಿ ಚದುರುವುದು ಜಾಸ್ತಿ. ಎರಡು ಪಟ್ಟು ದೂರ ಸರಿದರೆ ಡೋಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಬ್ಯಾಡ್ಜ್ ರಕ್ಷಣೆ ಕೊಡುವುದಿಲ್ಲ, ಲೆಕ್ಕ ಇಡುತ್ತದೆ. ಅದೂ ನಿಮ್ಮ ಹಕ್ಕು. ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿ ಪಡೆಯಿರಿ, ಏಪ್ರನ್ ಒಳಗೆ ಎದೆಯ ಮೇಲೆ ಹಾಕಿ, ಮೂರು ತಿಂಗಳಿಗೊಮ್ಮೆ ವರದಿ ಕೇಳಿ ನೋಡಿ.